ಎಸಿಯಲ್ಲಿ ಐಸ್ ಕಟ್ಟಿದರೆ ಏನು ಮಾಡಬೇಕು, ಮತ್ತೆ ಕಟ್ಟದಂತೆ ಹೇಗೆ ತಡೆಯಬೇಕು

ಎಸಿಯ ಮುಂದಿನ ಮುಚ್ಚಳ ಎತ್ತಿದಾಗ ಕಾಯಿಲ್ ಮೇಲೆ ಬಿಳಿ ಐಸ್ ಪದರ ಕಂಡರೆ, ಯಂತ್ರ ಚೆನ್ನಾಗಿ ತಂಪು ಮಾಡುತ್ತಿದೆ ಎಂದು ಸಮಾಧಾನಪಡುವವರಿದ್ದಾರೆ. ಗ್ಯಾಸ್ ಹೋಗಿದೆ, ಕೂಡಲೇ ತುಂಬಿಸಬೇಕು ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನಗಳು. ಸರಿಯಾಗಿ ಕೆಲಸ ಮಾಡುತ್ತಿರುವ ಎಸಿಯ ಕಾಯಿಲ್ ತಣ್ಣಗಿರುತ್ತದೆ, ಒದ್ದೆಯಾಗಿಯೂ ಇರುತ್ತದೆ, ಆದರೆ ಅದರ ಮೇಲಿನ ನೀರು ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಿತೆಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ತೊಂದರೆ ಇದೆ: ಕಾಯಿಲ್‌ಗೆ ಸಾಕಷ್ಟು ಗಾಳಿ ತಗಲುತ್ತಿಲ್ಲ, ಇಲ್ಲವೇ ಕಾಯಿಲ್‌ನೊಳಗೆ ಸಾಕಷ್ಟು ಗ್ಯಾಸ್ ಹರಿಯುತ್ತಿಲ್ಲ. ಮನೆಯ ಎಸಿಗಳಲ್ಲಿ ಮೊದಲನೆಯ ಕಾರಣವೇ ಹೆಚ್ಚು, ಮತ್ತು ಅದರ ಪರಿಹಾರದ ಬಹುಭಾಗ ಮನೆಯವರ ಕೈಯಲ್ಲೇ ಇದೆ. ಆದ್ದರಿಂದ ಮೊದಲು ಐಸ್ ಕರಗಿಸಿ, ಆಮೇಲೆ ಗಾಳಿಯ ದಾರಿಯನ್ನು ಪೂರ್ತಿಯಾಗಿ ಶುಚಿ ಮಾಡಿ, ಅಷ್ಟಾದ ಮೇಲೂ ಐಸ್ ಕಟ್ಟಿದರೆ ಮಾತ್ರ ಗ್ಯಾಸಿನ ವಿಚಾರಕ್ಕೆ ಹೋಗಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿದ ಕಾರಣಕ್ಕೇ ಅನೇಕ ಎಸಿಗಳು ರಿಪೇರಿಯಾದ ಮೇಲೂ ಸರಿಹೋಗುವುದಿಲ್ಲ.

ಐಸ್ ಕಟ್ಟುವುದು ಹೇಗೆ

ಒಳಗಿನ ಯೂನಿಟ್ಟಿನ ಕಾಯಿಲ್ ಎಂದರೆ ತಾಮ್ರದ ಕೊಳವೆಗಳ ಮೇಲೆ ಒತ್ತೊತ್ತಾಗಿ ಕೂರಿಸಿದ ತೆಳು ಅಲ್ಯೂಮಿನಿಯಂ ಹಾಳೆಗಳ ಚೌಕಟ್ಟು. ಕೊಳವೆಯೊಳಗೆ ದ್ರವರೂಪದ ಗ್ಯಾಸ್ ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತದೆ; ಕುದಿಯಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತದೆ. ಎಷ್ಟು ಡಿಗ್ರಿಯಲ್ಲಿ ಕುದಿಯಬೇಕು ಎಂಬುದನ್ನು ಒತ್ತಡ ನಿರ್ಧರಿಸುತ್ತದೆ. ಒತ್ತಡ ಇಳಿದಂತೆ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಎಲ್ಲವೂ ಸರಿಯಿದ್ದಾಗ ಮನೆಯ ಎಸಿಯ ಕಾಯಿಲ್ ಸುಮಾರು 5ರಿಂದ 12 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಕೋಣೆಯ ಗಾಳಿಯಲ್ಲಿರುವ ತೇವ ಅದರ ಮೇಲೆ ನೀರಾಗಿ ಇಳಿದು, ಟ್ರೇಗೆ ಬಿದ್ದು, ಡ್ರೈನ್ ಪೈಪಿನ ಮೂಲಕ ಹೊರಗೆ ಹೋಗುತ್ತದೆ.

ಗಾಳಿ ಕಡಿಮೆಯಾದರೆ ಕಾಯಿಲ್‌ಗೆ ಬರುವ ಶಾಖ ಕಡಿಮೆಯಾಗುತ್ತದೆ. ಆವಿಯನ್ನು ಎಳೆದು ಒತ್ತುವ ಯಂತ್ರಭಾಗವಾದ ಕಂಪ್ರೆಸರ್ ಮಾತ್ರ ತನ್ನ ವೇಗದಲ್ಲೇ ಎಳೆಯುತ್ತಿರುತ್ತದೆ. ಕಾಯಿಲ್‌ನಲ್ಲಿ ಹುಟ್ಟುವ ಆವಿಗಿಂತ ಎಳೆತ ಹೆಚ್ಚಾದಾಗ ಒತ್ತಡ ಕುಸಿಯುತ್ತದೆ, ಅದರೊಂದಿಗೆ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ, ಇಳಿಯಬೇಕಾದ ನೀರು ಅಲ್ಲೇ ಗಟ್ಟಿಯಾಗುತ್ತದೆ. ಗ್ಯಾಸ್ ಸೋರಿಹೋದಾಗಲೂ ಒತ್ತಡ ಇದೇ ರೀತಿ ಕುಸಿಯುತ್ತದೆ, ಆದರೆ ಕಾರಣ ಬೇರೆ. ಒಮ್ಮೆ ಐಸ್ ಶುರುವಾದರೆ ಅದು ತಾನಾಗಿ ನಿಲ್ಲುವುದು ಅಪರೂಪ, ಏಕೆಂದರೆ ಹಾಳೆಗಳ ನಡುವಿನ ಸಂದುಗಳನ್ನು ಐಸೇ ಮುಚ್ಚಿ ಗಾಳಿಯನ್ನು ಇನ್ನಷ್ಟು ಕಟ್ಟಿಹಾಕುತ್ತದೆ, ಇದರಿಂದ ಕಾಯಿಲ್ ಇನ್ನಷ್ಟು ತಣ್ಣಗಾಗುತ್ತದೆ. ಸಂಜೆ ಬರಿಯ ತೆಳು ಹಿಮದಂತಿದ್ದದ್ದು ಬೆಳಗಾಗುವ ಹೊತ್ತಿಗೆ ಇಡೀ ಕಾಯಿಲ್ ಮುಚ್ಚಿದ ಗಡ್ಡೆಯಾಗುವುದು ಹೀಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಗಾಳಿಯಲ್ಲಿ ತೇವ ಹೆಚ್ಚಿದೆ, ಅದಕ್ಕೇ ಐಸ್ ಕಟ್ಟುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ. ತೇವದ ಆವಿ ನೀರಾಗುವಾಗ ಕಾಯಿಲ್‌ಗೆ ಶಾಖವನ್ನೇ ಬಿಟ್ಟುಕೊಡುತ್ತದೆ, ಹಾಗಾಗಿ ತೇವವೊಂದೇ ಕಾಯಿಲ್ಲನ್ನು ಸೊನ್ನೆಗಿಂತ ಕೆಳಗೆ ಇಳಿಸಲಾರದು. ಬೇರೆ ಕಾರಣದಿಂದ ಕಾಯಿಲ್ ಸೊನ್ನೆಗಿಂತ ಕೆಳಗಿಳಿದ ಮೇಲೆ ಗಡ್ಡೆ ಬೇಗ ದಪ್ಪವಾಗುವುದಕ್ಕೆ ಮಾತ್ರ ತೇವ ಕಾರಣವಾಗುತ್ತದೆ.

ಐಸ್ ಕಟ್ಟಿರುವುದು ಮುಚ್ಚಳ ತೆರೆಯುವ ಮೊದಲೇ ಗೊತ್ತಾಗುತ್ತದೆ. ಗಾಳಿಯ ಬೀಸು ದಿನೇದಿನೇ ಕುಗ್ಗುವುದು, ಶುರುವಿನಲ್ಲಿ ತಂಪಾಗಿ ಒಂದೆರಡು ಗಂಟೆಯ ಬಳಿಕ ತಂಪು ಸಾಲದಾಗುವುದು, ಒಳಗಿನಿಂದ ಚಟಪಟ ಬಿರುಕಿನ ಸದ್ದು ಬರುವುದು, ಎಸಿ ಆರಿಸಿದ ಸ್ವಲ್ಪ ಹೊತ್ತಿಗೆ ಯೂನಿಟ್ಟಿನಿಂದ ಗೋಡೆಯ ಮೇಲೆ ನೀರು ಸುರಿಯುವುದು, ಇವು ಮುಖ್ಯ ಲಕ್ಷಣಗಳು. ನಡೆಯುತ್ತಿರುವಾಗ ಸೋರದೆ ಆರಿಸಿದ ಮೇಲೆ ಸೋರುವ ಎಸಿಯಲ್ಲಿ ಡ್ರೈನ್ ಪೈಪಿಗಿಂತ ಮೊದಲು ಐಸನ್ನು ಅನುಮಾನಿಸಬೇಕು. ಇನ್ನೊಂದು ವಿಷಯ: ಈಗಿನ ಕೆಲವು ಎಸಿಗಳಲ್ಲಿ ಕಾಯಿಲ್ಲನ್ನು ತಾನೇ ತೊಳೆದುಕೊಳ್ಳುವ ಸೌಲಭ್ಯ ಇರುತ್ತದೆ. ಅದನ್ನು ಒತ್ತಿದಾಗ ಯಂತ್ರವೇ ಬೇಕೆಂದು ಕಾಯಿಲ್ ಮೇಲೆ ಹಿಮ ಕಟ್ಟಿಸಿ, ಆಮೇಲೆ ಕರಗಿಸಿ, ಆ ನೀರಿನಲ್ಲಿ ಧೂಳನ್ನು ಇಳಿಸುತ್ತದೆ. ಆಗ ಕಾಣುವ ಹಿಮ ದೋಷವಲ್ಲ.

ಮೊದಲು ನೋಡಿಕೊಳ್ಳಿ, ಆಮೇಲೆ ಕರಗಿಸಿ

ಐಸ್ ಕಂಡ ಕೂಡಲೇ ತಂಪು ಮಾಡುವುದನ್ನು ನಿಲ್ಲಿಸಿ. ಈ ಸ್ಥಿತಿಯಲ್ಲೇ ಎಸಿ ಓಡಿಸಿದರೆ ಕಾಯಿಲ್‌ನಲ್ಲಿ ಆವಿಯಾಗದೆ ಉಳಿದ ದ್ರವ ಕಂಪ್ರೆಸರ್‌ಗೆ ಮರಳುತ್ತದೆ. ಆವಿಯನ್ನು ಒತ್ತಲೆಂದು ಮಾಡಿದ ಕಂಪ್ರೆಸರ್ ದ್ರವವನ್ನು ಒತ್ತಲಾರದು. ಆ ದ್ರವ ಎಣ್ಣೆಯನ್ನು ತೆಳುವಾಗಿಸಿ ಬೇರಿಂಗುಗಳನ್ನು ಸವೆಸುತ್ತದೆ, ಕೆಲವೊಮ್ಮೆ ಒಳಭಾಗಗಳನ್ನೇ ಮುರಿಯುತ್ತದೆ. ಇಡೀ ಎಸಿಯಲ್ಲಿ ಅತಿ ದುಬಾರಿಯಾದ ಭಾಗ ಅದೇ ಆಗಿರುವುದರಿಂದ, ‘ಇವತ್ತೊಂದು ರಾತ್ರಿ ಓಡಲಿ’ ಎಂಬ ಮನಸ್ಸು ಮಾಡಬೇಡಿ.

ಆದರೆ ಕರಗಿಸುವ ಮೊದಲು ಮುಚ್ಚಳ ಎತ್ತಿ, ಫಿಲ್ಟರ್ ಹೊರಗೆಳೆದು, ಐಸ್ ಎಲ್ಲೆಲ್ಲಿ ಕಟ್ಟಿದೆ ಎಂಬುದನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, ಮೊಬೈಲಿನಲ್ಲಿ ಒಂದೆರಡು ಫೋಟೋ ತೆಗೆದಿಟ್ಟುಕೊಳ್ಳಿ. ಕರಗಿಹೋದ ಮೇಲೆ ಈ ಸುಳಿವು ಮತ್ತೆ ಸಿಗುವುದಿಲ್ಲ. ಕಾಯಿಲ್‌ನ ಉದ್ದಗಲಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪದ ಐಸ್ ಹರಡಿದ್ದರೆ ಗಾಳಿಯ ಕೊರತೆಯನ್ನು ಅನುಮಾನಿಸಬೇಕು. ಒಂದು ಮೂಲೆಯಲ್ಲಿ, ಅಂದರೆ ಗ್ಯಾಸ್ ಕಾಯಿಲ್‌ನೊಳಗೆ ಬರುವ ಜಾಗದ ನಾಲ್ಕಾರು ಸುತ್ತುಗಳ ಮೇಲೆ ಮಾತ್ರ ದಪ್ಪ ಐಸ್ ಇದ್ದು, ಉಳಿದ ಕಾಯಿಲ್ ಒಣಗಿಕೊಂಡು ಬೆಚ್ಚಗಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು: ಇರುವಷ್ಟು ಗ್ಯಾಸ್ ಮೊದಲ ಸುತ್ತುಗಳಲ್ಲೇ ಕುದಿದು ಮುಗಿದುಹೋಗುತ್ತದೆ, ಮುಂದಿನ ಸುತ್ತುಗಳಿಗೆ ಏನೂ ಉಳಿಯುವುದಿಲ್ಲ. ಬಹಳ ಹೊತ್ತು ಓಡಿದ ಎಸಿಯಲ್ಲಿ ಎರಡೂ ಬಗೆಯ ಐಸ್ ಕೊನೆಗೆ ಒಂದೇ ರೀತಿ ಕಾಣಬಹುದು. ಆದ್ದರಿಂದ ಶುರುವಿನ ಹಂತದಲ್ಲಿ ನೋಡಿದ್ದಕ್ಕೆ ಬೆಲೆ ಹೆಚ್ಚು.

ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಒಂದು ದಪ್ಪ, ಒಂದು ತೆಳು ಪೈಪ್ ಸೇರುವ ವಾಲ್ವ್‌ಗಳನ್ನೂ ನೋಡಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಗಳಲ್ಲಿ ಸಾಮಾನ್ಯವಾಗಿ ಗ್ಯಾಸಿನ ಒತ್ತಡ ಇಳಿಸುವ ಭಾಗ ಹೊರಗಿನ ಯೂನಿಟ್ಟಿನಲ್ಲೇ ಇರುವುದರಿಂದ ಎರಡೂ ಪೈಪುಗಳು ತಣ್ಣಗಿರುವುದು ಸಹಜ. ತೆಳು ಪೈಪಿನ ವಾಲ್ವ್ ಮೇಲೆ ಬಿಳಿ ಹಿಮ ಕಟ್ಟಿ, ದಪ್ಪ ಪೈಪ್ ಒಣಗಿಕೊಂಡು ತಂಪಿಲ್ಲದೆ ಇದ್ದರೆ ಗ್ಯಾಸ್ ಕೊರತೆಯ ಲಕ್ಷಣ. ದಪ್ಪ ಪೈಪಿನ ಮೇಲೂ ಹಿಮ ಹರಡಿ ಕಂಪ್ರೆಸರ್ ಕಡೆಗೆ ಹೋಗಿದ್ದರೆ ಗಾಳಿಯ ಕೊರತೆಯ ಲಕ್ಷಣ. ಪೈಪಿನ ಮೇಲಿನ ಕಪ್ಪು ಸ್ಪಂಜಿನ ಹೊದಿಕೆ ಹರಿದು ನೀರು ತೊಟ್ಟಿಕ್ಕುತ್ತಿದ್ದರೆ ಅದು ಬೇರೆ ವಿಷಯ. ಹೊದಿಕೆ ಹರಿದರೆ ನೀರು ಹನಿಯುತ್ತದೆ, ಐಸ್ ಕಟ್ಟುವುದಿಲ್ಲ.

ಇನ್ನು ಕರಗಿಸುವುದು. ರಿಮೋಟಿನಲ್ಲಿ ‘ಫ್ಯಾನ್’ ಮೋಡ್ ಆರಿಸಿ, ವೇಗವನ್ನು ಗರಿಷ್ಠಕ್ಕೆ ಇಟ್ಟು, ಕೋಣೆಯ ಬಾಗಿಲು ತೆರೆದಿಡಿ. ಕೋಣೆಯ ಬೆಚ್ಚನೆಯ ಗಾಳಿಯೇ ಐಸನ್ನು ಕರಗಿಸುತ್ತದೆ. ತೆಳು ಪದರವಾದರೆ ಒಂದೆರಡು ಗಂಟೆ ಸಾಕು. ಇಡೀ ಕಾಯಿಲ್ ಗಡ್ಡೆಯಾಗಿದ್ದರೆ ಅರ್ಧ ದಿನ, ಕೆಲವೊಮ್ಮೆ ಒಂದು ಪೂರ್ತಿ ದಿನವೂ ಬೇಕಾಗಬಹುದು. ಕರಗುವಾಗ ನೀರು ಒಮ್ಮೆಲೇ ಹೆಚ್ಚಾಗಿ ಬಂದು ಟ್ರೇ ತುಂಬಿ ಉಕ್ಕುವ ಸಂಭವವಿದೆ, ಆದ್ದರಿಂದ ಕೆಳಗಿರುವ ಟಿವಿ, ಹಾಸಿಗೆ, ಪ್ಲಗ್ ಬೋರ್ಡುಗಳನ್ನು ಸರಿಸಿ ಬಟ್ಟೆ ಹಾಸಿ, ಬಕೆಟ್ ಇಡಿ. ಪ್ಲಗ್ ಇರುವ ಗೋಡೆಯ ಮೇಲೆ ನೀರು ಇಳಿಯತೊಡಗಿದರೆ ಎಂಸಿಬಿ (ಎಸಿಗೆ ವಿದ್ಯುತ್ ಕಡಿಯುವ ಗೋಡೆಯ ಸ್ವಿಚ್) ಆರಿಸಿ ತಾನಾಗಿ ಕರಗಲು ಬಿಡುವುದೇ ಸುರಕ್ಷಿತ.

ಚಾಕು, ಸ್ಕ್ರೂಡ್ರೈವರ್, ಚಮಚ ಯಾವುದರಿಂದಲೂ ಐಸ್ ಕೆರೆಯಬೇಡಿ. ಅಲ್ಯೂಮಿನಿಯಂ ಹಾಳೆ ಕಾಗದದಷ್ಟು ತೆಳುವಾದದ್ದು, ಕೈ ತಗಲಿದರೂ ಬಾಗುತ್ತದೆ. ಅದರ ಹಿಂದಿನ ತಾಮ್ರದ ಕೊಳವೆಗೆ ಸಣ್ಣ ತೂತು ಬಿದ್ದರೂ ಇರುವ ಗ್ಯಾಸೆಲ್ಲ ಹೋಗುತ್ತದೆ, ಬರಿಯ ಶುಚಿಯಿಂದ ಮುಗಿಯಬಹುದಾದ ಕೆಲಸ ಕಾಯಿಲ್ ಬದಲಾಯಿಸುವವರೆಗೆ ಬೆಳೆಯುತ್ತದೆ. ಕುದಿಯುವ ನೀರು ಎರಚುವುದೂ ಬೇಡ. ಪಕ್ಕದಲ್ಲೇ ಸರ್ಕ್ಯೂಟ್ ಬೋರ್ಡ್ ಇದೆ. ಹೇರ್ ಡ್ರೈಯರ್ ಬಳಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನೀರು ಸುರಿಯುತ್ತಿರುವ ಕಡೆ ವಿದ್ಯುತ್ ಉಪಕರಣ ಹಿಡಿದು ನಿಲ್ಲುವುದು ನನಗೆ ಸರಿಕಾಣುವುದಿಲ್ಲ. ಕೆಲವು ಗಂಟೆ ಕಾಯುವುದರಿಂದ ನಷ್ಟವೇನೂ ಇಲ್ಲ.

ಗಾಳಿಯ ದಾರಿ: ಫಿಲ್ಟರ್, ಕಾಯಿಲ್, ಬ್ಲೋವರ್

ಎಸಿ ಗಾಳಿಯನ್ನು ಮೇಲಿನಿಂದ ಎಳೆದು, ಫಿಲ್ಟರ್ ದಾಟಿಸಿ, ಕಾಯಿಲ್ ಮೂಲಕ ಹಾಯಿಸಿ, ಬ್ಲೋವರ್ ಚಕ್ರದಿಂದ ಕೆಳಗೆ ತಳ್ಳುತ್ತದೆ. ಈ ದಾರಿಯಲ್ಲಿ ಯಾವ ಕಡೆ ಅಡ್ಡಿಯಾದರೂ ಪರಿಣಾಮ ಒಂದೇ. ಫಿಲ್ಟರ್ ತೊಳೆದ ಕೂಡಲೇ ‘ಸರ್ವಿಸ್ ಆಯಿತು’ ಎಂದುಕೊಳ್ಳುವುದು ಸಾಮಾನ್ಯ, ಆದರೆ ಮೂರನ್ನೂ ನೋಡದೆ ಗಾಳಿ ಸರಿಯಿದೆ ಎಂದು ಹೇಳಲಾಗದು.

ಯಾವುದಕ್ಕೂ ಕೈ ಹಾಕುವ ಮೊದಲು ರಿಮೋಟಿನಲ್ಲಿ ಆರಿಸಿದರೆ ಸಾಲದು, ಗೋಡೆಯ ಎಂಸಿಬಿಯನ್ನೂ ಆರಿಸಿ. ಫಿಲ್ಟರಿನ ಜಾಲರಿಯನ್ನು ಹೊರತೆಗೆದು, ಧೂಳು ಕೂತಿರುವ ಬದಿಗೆ ವಿರುದ್ಧವಾದ ಬದಿಯಿಂದ ನೀರು ಬಿಡಿ. ಧೂಳಿನ ಬದಿಯಿಂದಲೇ ಬಿಟ್ಟರೆ ಅದು ಜಾಲರಿಯ ಕಣ್ಣುಗಳೊಳಗೆ ಇನ್ನಷ್ಟು ಕೂರುತ್ತದೆ. ಎಣ್ಣೆಯ ಜಿಡ್ಡಿದ್ದರೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಅದ್ದಿಡಿ, ಆದರೆ ನೀರು 40 ಡಿಗ್ರಿಗಿಂತ ಬಿಸಿಯಿರಬಾರದು, ಜಾಲರಿ ಸೊಟ್ಟಗಾಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಹಾಕಿ. ಎಸಿಯನ್ನು ದಿನವೂ ಬಳಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಈ ಕೆಲಸ ಆಗಬೇಕು. ಧೂಳಿನ ರಸ್ತೆಯ ಪಕ್ಕದ ಮನೆಗಳಲ್ಲಿ, ಸಾಕುಪ್ರಾಣಿಗಳಿರುವ ಮನೆಗಳಲ್ಲಿ ಇನ್ನೂ ಬೇಗ. ಜಾಲರಿಯ ಮೇಲೆ ಅಂಟಿಸಿದ ಚಿಕ್ಕ ವಿಶೇಷ ಫಿಲ್ಟರುಗಳಿದ್ದರೆ ಅವುಗಳ ಮೇಲೂ ಗಮನವಿರಲಿ. ಸೂಕ್ಷ್ಮ ಧೂಳು ಹಿಡಿಯುವ ಈ ಪಟ್ಟಿಗಳಲ್ಲಿ ಬಹುಪಾಲು ತೊಳೆಯುವಂಥವಲ್ಲ, ಅವಧಿ ಮುಗಿದ ಮೇಲೆ ಬದಲಾಯಿಸುವಂಥವು. ತುಂಬಿಹೋದ ಪಟ್ಟಿಯನ್ನು ಹಾಗೇ ಬಿಡುವುದಕ್ಕಿಂತ ತೆಗೆದಿಡುವುದು ಮೇಲು.

ಫಿಲ್ಟರ್ ತೆಗೆದಾಗ ಕಾಯಿಲ್‌ನ ಮುಖ ಕಾಣುತ್ತದೆ. ಟಾರ್ಚನ್ನು ನೇರವಾಗಿ ಬಿಡದೆ ಓರೆಯಾಗಿ ಹಿಡಿದರೆ ಹಾಳೆಗಳ ಸಂದಿನಲ್ಲಿ ಕೂತ ಧೂಳಿನ ಕಂಬಳಿ ಸ್ಪಷ್ಟವಾಗಿ ತೋರುತ್ತದೆ. ಕಾಯಿಲ್ ಪೂರ್ತಿ ಒಣಗಿದ ಮೇಲೆ, ಮೃದು ಬ್ರಷ್ಷಿನಿಂದ ಹಾಳೆಗಳ ಉದ್ದಕ್ಕೇ, ಅಂದರೆ ಮೇಲಿನಿಂದ ಕೆಳಕ್ಕೆ ಸವರಿ. ಅಡ್ಡಕ್ಕೆ ಎಳೆದರೆ ಹಾಳೆಗಳು ಬಾಗಿ ಸಂದುಗಳು ಮುಚ್ಚಿಹೋಗುತ್ತವೆ. ಉಳಿದ ಕೊಳೆಗೆ ಎಸಿ ಕಾಯಿಲ್‌ಗಾಗಿಯೇ ಮಾಡಿದ ಸೌಮ್ಯ ಸ್ಪ್ರೇ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಕೈಪಂಪಿನಿಂದ ಮೆಲ್ಲಗೆ ನೀರು ಸಿಂಪಡಿಸಿ ಇಳಿಸಿ. ಕಾಸ್ಟಿಕ್ ಸೋಡಾ, ಆಸಿಡ್, ಶೌಚಾಲಯ ತೊಳೆಯುವ ದ್ರವಗಳು ಅಲ್ಯೂಮಿನಿಯಂ ಅನ್ನೇ ತಿನ್ನುತ್ತವೆ, ಅವುಗಳನ್ನು ಹತ್ತಿರವೂ ತರಬೇಡಿ. ನೀರು ಬಳಸುವಾಗ ಸರ್ಕ್ಯೂಟ್ ಬೋರ್ಡ್ ಇರುವ ಬದಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಬೇಕು.

ಬಹಳ ಮಂದಿ ನೋಡದೆ ಬಿಡುವ ಭಾಗ ಬ್ಲೋವರ್. ಗಾಳಿ ಹೊರಬರುವ ಬಾಯಿಯಲ್ಲಿ ಪಟ್ಟಿಗಳನ್ನು ಮೆಲ್ಲಗೆ ಅಗಲಿಸಿ ಒಳಗೆ ಟಾರ್ಚ್ ಬಿಟ್ಟರೆ ಉದ್ದನೆಯ ಉರುಳೆಯಾಕಾರದ ಚಕ್ರ ಕಾಣುತ್ತದೆ. ಅದರ ಸುತ್ತಲೂ ಬೆರಳಗಲದ, ಒಳಕ್ಕೆ ಬಾಗಿದ ಎಸಳುಗಳಿವೆ. ಗಾಳಿಯನ್ನು ಹಿಡಿದು ತಳ್ಳುವುದು ಆ ಬಾಗು. ಫಿಲ್ಟರ್ ತಪ್ಪಿಸಿಕೊಂಡು ಬಂದ ನಯವಾದ ಧೂಳು ತೇವದಲ್ಲಿ ನೆನೆದು, ಬೂಷ್ಟಿನೊಂದಿಗೆ ಸೇರಿ ಕಪ್ಪಗೆ ಆ ಬಾಗಿನೊಳಗೆ ಅಂಟಿಕೊಳ್ಳುತ್ತದೆ. ಬಾಗು ತುಂಬಿದ ಎಸಳು ಚಪ್ಪಟೆಯಾದಂತೆಯೇ. ಚಕ್ರ ಅಷ್ಟೇ ವೇಗದಲ್ಲಿ ತಿರುಗಿದರೂ, ಸದ್ದು ಮೊದಲಿನಷ್ಟೇ ಇದ್ದರೂ, ಗಾಳಿ ಬಹಳ ಕಡಿಮೆ ಬರುತ್ತದೆ. ಫಿಲ್ಟರ್ ಹೊಸದರಂತಿದೆ, ಕಾಯಿಲ್ ಹೊಳೆಯುತ್ತಿದೆ, ಆದರೂ ಐಸ್ ಕಟ್ಟುತ್ತಿದೆ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ. ಒಂದು ಕಿವಿ ಶುಚಿ ಮಾಡುವ ಹತ್ತಿಕಡ್ಡಿಯನ್ನು ಒಂದೆರಡು ಎಸಳುಗಳ ಒಳಬಾಗಿನಲ್ಲಿ ಆಡಿಸಿ ನೋಡಿ. ಕಡ್ಡಿಯ ತುದಿಗೆ ಕಪ್ಪು ಹಿಟ್ಟಿನಂಥ ಕೊಳೆ ದಪ್ಪವಾಗಿ ಬಂದರೆ ಬ್ಲೋವರ್ ತೊಳೆಸುವ ಕಾಲ ಬಂದಿದೆ ಎಂದರ್ಥ. ಇದನ್ನು ಸರಿಯಾಗಿ ಮಾಡಲು ಯೂನಿಟ್ಟಿಗೆ ಚೀಲ ಕಟ್ಟಿ ನೀರು ಹಾಯಿಸಬೇಕು, ಅಥವಾ ಚಕ್ರವನ್ನೇ ಬಿಚ್ಚಬೇಕು. ಅನುಭವವಿಲ್ಲದವರು ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು, ಆದರೆ ಸರ್ವಿಸ್‌ಗೆ ಕರೆಯುವಾಗಲೇ ‘ಬ್ಲೋವರ್ ಕೂಡ ತೊಳೆಯಬೇಕು’ ಎಂದು ಬಾಯಿಬಿಟ್ಟು ಹೇಳಿ; ಹೇಳದಿದ್ದರೆ ಫಿಲ್ಟರ್ ಮತ್ತು ಕಾಯಿಲ್ ತೊಳೆದು ಮುಗಿಸುವುದೇ ಹೆಚ್ಚು. ತೊಳೆದ ಮೇಲೆ ಚಕ್ರದ ಒಂದು ಬದಿಯಲ್ಲಿ ಮಾತ್ರ ಕೊಳೆ ಉಳಿದರೆ ತೂಕ ಏರುಪೇರಾಗಿ ಯೂನಿಟ್ ಅದುರುತ್ತದೆ, ಅದನ್ನೂ ಅವರ ಎದುರಿನಲ್ಲೇ ಓಡಿಸಿ ನೋಡಿ.

ಚಕ್ರ ಶುಚಿಯಿದ್ದೂ ನಿಧಾನವಾಗಿ ತಿರುಗಿದರೆ ಮೋಟಾರಿನ ಕೆಪಾಸಿಟರ್ ಸೊರಗಿರಬಹುದು, ಇಲ್ಲವೇ ಬೇರಿಂಗ್ ಬಿಗಿಯಾಗಿರಬಹುದು. ಕೆಪಾಸಿಟರ್ ಚಿಕ್ಕ ಭಾಗ, ಬೇಗ ಬದಲಾಯಿಸಬಹುದು, ಆದರೆ ವಿದ್ಯುತ್ ಆರಿಸಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುವುದರಿಂದ ಬರಿಗೈಯಲ್ಲಿ ಮುಟ್ಟುವಂಥದ್ದಲ್ಲ.

ಯೂನಿಟ್ಟಿನ ಹೊರಗಿನ ಅಡ್ಡಿಗಳನ್ನೂ ಮರೆಯಬೇಡಿ. ಒಳಗಿನ ಯೂನಿಟ್ಟಿನ ಮೇಲ್ಭಾಗ ತಾರಸಿಗೆ ತೀರ ಅಂಟಿಕೊಂಡಿದ್ದರೆ, ಅದರ ಮುಂದೆ ಪರದೆಯೋ ಕಪಾಟೋ ಇದ್ದರೆ, ಅಲಂಕಾರಕ್ಕೆಂದು ಮರದ ಚೌಕಟ್ಟು ಕಟ್ಟಿಸಿದ್ದರೆ, ಹೊರಬಂದ ತಣ್ಣನೆಯ ಗಾಳಿಯೇ ತಿರುಗಿ ಒಳಗೆ ಹೋಗುತ್ತದೆ. ಆಗ ಕಾಯಿಲ್‌ಗೆ ಸಿಗುವ ಗಾಳಿಯಲ್ಲಿ ಶಾಖವೇ ಇರುವುದಿಲ್ಲ. ನಾಳದ ಮೂಲಕ ಇಡೀ ಮನೆಗೆ ತಂಪು ಹರಿಸುವ ವ್ಯವಸ್ಥೆಯಲ್ಲಿ, ಬಳಸದ ಕೋಣೆಗಳ ಗಾಳಿಕಿಂಡಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೂ ಇದೇ ಆಗುತ್ತದೆ. ಉಳಿತಾಯವೆಂದು ಮಾಡಿದ್ದು ಕಾಯಿಲ್‌ಗೆ ಗಾಳಿ ತಪ್ಪಿಸುತ್ತದೆ.

ರಿಮೋಟ್, ಹವಾಮಾನ, ಸೆನ್ಸರ್

16 ಡಿಗ್ರಿಗೆ ಇಟ್ಟು, ಫ್ಯಾನ್ ವೇಗ ಅತಿ ಕಡಿಮೆ ಮಾಡಿ, ರಾತ್ರಿಯಿಡೀ ಓಡಿಸುವ ಅಭ್ಯಾಸ ಐಸ್ ಕಟ್ಟುವುದಕ್ಕೆ ಅನುಕೂಲ ಮಾಡಿಕೊಡುತ್ತದೆ. ಕೋಣೆ ಆ ಮಟ್ಟ ಮುಟ್ಟದೆ ಕಂಪ್ರೆಸರ್ ವಿಶ್ರಾಂತಿ ಪಡೆಯುವುದಿಲ್ಲ, ಗಾಳಿಯೂ ಕಡಿಮೆ. 24 ಡಿಗ್ರಿಯ ಆಸುಪಾಸಿನಲ್ಲಿ ಮಧ್ಯಮ ಅಥವಾ ಸ್ವಯಂಚಾಲಿತ ವೇಗದಲ್ಲಿ ಓಡುವ ಎಸಿಯಲ್ಲಿ ಈ ತೊಂದರೆ ಬಹಳ ಕಡಿಮೆ. ಹೊರಗೆ ತಣ್ಣಗಿರುವ ರಾತ್ರಿಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ತಂಪಿಗೆಂದೇ ಮಾಡಿದ ಎಸಿಗಳಿಗೆ ಹೊರಗಿನ ಉಷ್ಣತೆಯ ಕೆಳಮಿತಿಯೊಂದು ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಅದಕ್ಕಿಂತ ತಣ್ಣಗಿರುವಾಗ ಹೊರಗಿನ ಯೂನಿಟ್ಟಿನ ಒತ್ತಡ ಇಳಿದು, ಒಳಗಿನ ಕಾಯಿಲ್‌ಗೆ ಗ್ಯಾಸ್ ತಳ್ಳುವ ಬಲವೇ ಕುಗ್ಗುತ್ತದೆ, ಕಾಯಿಲ್ ಹೆಪ್ಪುಗಟ್ಟುತ್ತದೆ. ಅಂಥ ರಾತ್ರಿ ಕಿಟಕಿ ತೆರೆದರೆ ಆಯಿತು.

ಬಹುತೇಕ ಸ್ಪ್ಲಿಟ್ ಎಸಿಗಳಲ್ಲಿ ಐಸ್ ಕಟ್ಟದಂತೆ ಕಾಯುವ ವ್ಯವಸ್ಥೆ ಇದೆ. ಕಾಯಿಲ್‌ನ ಕೊಳವೆಗೆ ಬೆಸೆದ ಚಿಕ್ಕ ತಾಮ್ರದ ಗೂಡಿನಲ್ಲಿ ಪೆನ್ನಿನ ರೀಫಿಲ್ಲಿನಷ್ಟು ದಪ್ಪದ ಸೆನ್ಸರ್ ಕೂತಿರುತ್ತದೆ. ಕಾಯಿಲ್ ಸೊನ್ನೆಯ ಆಸುಪಾಸಿಗೆ ಇಳಿದು ಕೆಲ ನಿಮಿಷ ಅಲ್ಲೇ ನಿಂತರೆ ಸರ್ಕ್ಯೂಟ್ ಬೋರ್ಡ್ ಕಂಪ್ರೆಸರ್ ನಿಲ್ಲಿಸುತ್ತದೆ. ಕಂಪ್ರೆಸರ್ ವೇಗ ಬದಲಾಗುವ ಇನ್ವರ್ಟರ್ ಎಸಿಯಲ್ಲಾದರೆ ಮೊದಲು ವೇಗ ಇಳಿಸುತ್ತದೆ. ಹಾಗಾಗಿ ಕಾಯಿಲ್ ಪೂರ್ತಿ ಗಡ್ಡೆ ಕಟ್ಟಿದೆ ಎಂದರೆ ಈ ಕಾವಲು ಏಕೆ ಕೆಲಸ ಮಾಡಲಿಲ್ಲ ಎಂದೂ ಕೇಳಬೇಕು. ಸರ್ವಿಸ್ ಸಮಯದಲ್ಲಿ ಸೆನ್ಸರ್ ಗೂಡಿನಿಂದ ಜಾರಿ ಪಕ್ಕದಲ್ಲಿ ನೇತಾಡುತ್ತಿದ್ದರೆ ಅದು ಕಾಯಿಲ್ ಬದಲು ಗಾಳಿಯ ಉಷ್ಣತೆಯನ್ನು ಓದುತ್ತಿರುತ್ತದೆ. ವಿದ್ಯುತ್ ಆರಿಸಿ, ಅದನ್ನು ಗೂಡಿಗೆ ಪೂರ್ತಿ ತಳ್ಳಿ ಕ್ಲಿಪ್ ಹಾಕಿದರೆ ಸಾಕು. ಸೆನ್ಸರೇ ಹಾಳಾಗಿದ್ದರೆ ಮಲ್ಟಿಮೀಟರಿನಲ್ಲಿ ತಿಳಿಯುತ್ತದೆ: ಬಹಳಷ್ಟು ಸೆನ್ಸರುಗಳು 25 ಡಿಗ್ರಿಯಲ್ಲಿ 5 ಅಥವಾ 10 ಕಿಲೋಓಮ್ ತೋರಿಸುತ್ತವೆ, ತಣ್ಣಗಾದಂತೆ ಆ ಸಂಖ್ಯೆ ಏರಬೇಕು. ವೇಗ ಬದಲಾಗದ ಹಳೆಯ ಬಗೆಯ ಎಸಿಯಲ್ಲಿ ಕಂಪ್ರೆಸರಿಗೆ ವಿದ್ಯುತ್ ಕೊಟ್ಟು ಕಡಿಯುವ ಬೋರ್ಡಿನ ಸ್ವಿಚ್, ಅಂದರೆ ರಿಲೇ, ಅಂಟಿಕೊಂಡರೂ ಕಂಪ್ರೆಸರ್ ನಿಲ್ಲುವುದಿಲ್ಲ. ರಿಮೋಟಿನಲ್ಲಿ 30 ಡಿಗ್ರಿ ಇಟ್ಟು ಹತ್ತು ನಿಮಿಷವಾದರೂ ಹೊರಗಿನ ಯೂನಿಟ್ ಗುಂಯ್‌ಗುಡುತ್ತಲೇ ಇದ್ದರೆ ಇದನ್ನೇ ಅನುಮಾನಿಸಿ.

ಗ್ಯಾಸಿನ ವಿಚಾರ

ಎಸಿಯ ಗ್ಯಾಸ್ ಬಳಸಿ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಆದ್ದರಿಂದ ‘ಪ್ರತಿವರ್ಷ ಸ್ವಲ್ಪ ಗ್ಯಾಸ್ ಹಾಕಿಸಬೇಕು’ ಎಂಬ ಮಾತನ್ನು ಒಪ್ಪಬೇಡಿ. ಸೋರುವ ಜಾಗ ಹುಡುಕದೆ ತುಂಬಿದ ಗ್ಯಾಸ್ ಮತ್ತೆ ಅದೇ ದಾರಿಯಲ್ಲಿ ಹೋಗುತ್ತದೆ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದ ಸಂಗತಿ ಇನ್ನೊಂದಿದೆ. ಆರ್-22 ಗ್ಯಾಸ್ ಇರುವ ಎಸಿಯಲ್ಲಿ ಮೆಕ್ಯಾನಿಕ್ ಹಾಕುವ ಗೇಜಿನಲ್ಲಿ (ಒತ್ತಡ ಅಳೆಯುವ ಮುಳ್ಳಿನ ಮಾಪಕ) ಒತ್ತಡ ಸುಮಾರು 57 ಪಿಎಸ್‌ಐ, ಆರ್-410ಎ ಇರುವುದರಲ್ಲಿ ಸುಮಾರು 101, ಆರ್-32 ಇರುವುದರಲ್ಲಿ ಸುಮಾರು 103 ಆದಾಗ ಗ್ಯಾಸ್ ಸೊನ್ನೆ ಡಿಗ್ರಿಯಲ್ಲಿ ಕುದಿಯುತ್ತಿರುತ್ತದೆ. ಒತ್ತಡ ಇದಕ್ಕಿಂತ ಇಳಿದರೆ ಐಸ್ ಕಟ್ಟುವುದು ಖಚಿತವೆನ್ನಬಹುದು. ಆದರೆ ಒತ್ತಡ ಕಡಿಮೆ ತೋರಿಸುವುದಕ್ಕೆ ಗ್ಯಾಸ್ ಕೊರತೆಯೇ ಕಾರಣವಾಗಬೇಕಿಲ್ಲ. ಧೂಳು ತುಂಬಿ ಗಾಳಿ ಕಟ್ಟಿದ ಕಾಯಿಲ್‌ನಲ್ಲೂ ಗೇಜು ಹಾಗೇ ಕಡಿಮೆ ತೋರಿಸುತ್ತದೆ. ಆ ಮುಳ್ಳನ್ನು ನೋಡಿ ಗ್ಯಾಸ್ ತುಂಬಿದರೆ ಎಸಿಯಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಗ್ಯಾಸ್ ಸೇರಿಕೊಳ್ಳುತ್ತದೆ. ಮುಂದೆ ಕಾಯಿಲ್ ತೊಳೆದು ಗಾಳಿ ಸರಿಹೋದಾಗ ಒತ್ತಡ ಮಿತಿ ಮೀರುತ್ತದೆ, ಕರೆಂಟ್ ಹೆಚ್ಚು ಎಳೆಯುತ್ತದೆ, ಕಂಪ್ರೆಸರ್ ಸೊರಗುತ್ತದೆ. ಕೊಳೆಯಾದ ಕಾಯಿಲ್ ಮೇಲೆ ಗೇಜು ಹಾಕಿ ತೀರ್ಪು ಕೊಡುವ ಮೆಕ್ಯಾನಿಕ್‌ಗೆ ‘ಮೊದಲು ತೊಳೆಯಿರಿ, ಆಮೇಲೆ ಒತ್ತಡ ನೋಡೋಣ’ ಎಂದು ಹೇಳುವ ಹಕ್ಕು ಮನೆಯವರಿಗಿದೆ.

ಗೇಜಿಲ್ಲದೆಯೂ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಐಸ್ ಪೂರ್ತಿ ಕರಗಿದ ಮೇಲೆ ಎಸಿಯನ್ನು ಕನಿಷ್ಠ ಡಿಗ್ರಿ, ಗರಿಷ್ಠ ಫ್ಯಾನ್ ವೇಗಕ್ಕೆ ಇಟ್ಟು ಹದಿನೈದು ನಿಮಿಷ ಓಡಿಸಿ, ಒಂದೇ ಥರ್ಮಾಮೀಟರಿನಿಂದ ಮೇಲೆ ಒಳಹೋಗುವ ಗಾಳಿಯನ್ನೂ ಕೆಳಗೆ ಹೊರಬರುವ ಗಾಳಿಯನ್ನೂ ಅಳೆಯಿರಿ. ಎರಡರ ನಡುವೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸವಿರುತ್ತದೆ. ಗಾಳಿ ತೆಳ್ಳಗೆ ಬರುತ್ತಿದ್ದು ವ್ಯತ್ಯಾಸ ಇದಕ್ಕಿಂತ ಬಹಳ ಹೆಚ್ಚಿದ್ದರೆ ಗಾಳಿಯ ದಾರಿಯಲ್ಲಿ ಅಡ್ಡಿಯಿದೆ. ಗಾಳಿ ಜೋರಾಗಿ ಬರುತ್ತಿದ್ದೂ ವ್ಯತ್ಯಾಸ ನಾಲ್ಕೈದು ಡಿಗ್ರಿಯಷ್ಟೇ ಇದ್ದರೆ ಗ್ಯಾಸಿನ ಕಡೆ ನೋಡಬೇಕು.

ಗ್ಯಾಸ್ ಸೋರಿದೆ ಎಂದು ತೀರ್ಮಾನವಾದ ಮೇಲೆ ಕೆಲಸ ಅನುಭವಿ ಮೆಕ್ಯಾನಿಕ್‌ನದು. ಆರ್-32 ಮತ್ತು ಆರ್-290 ಎರಡಕ್ಕೂ ಬೆಂಕಿ ಹತ್ತಬಹುದು, ಅದರಲ್ಲೂ ಆರ್-290 ಎಂದರೆ ಪ್ರೊಪೇನ್. ಇವುಗಳ ಜೊತೆ ಮನೆಯಲ್ಲಿ ಪ್ರಯೋಗ ಮಾಡಬಾರದು. ಆದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ಮನೆಯವರಿಗೆ ಕಷ್ಟವಲ್ಲ. ಪೈಪ್ ಜೋಡಣೆಯ ನಟ್ಟುಗಳ ಸುತ್ತ ಎಣ್ಣೆಯ ಕಲೆ ಇದೆಯೇ ಎಂದು ನೋಡಿ ಸಾಬೂನು ನೀರು ಹಚ್ಚುವುದು, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು, ಸೋರಿಕೆ ಮುಚ್ಚಿದ ಮೇಲೆ ಪಂಪಿನಿಂದ ಕೊಳವೆಯೊಳಗಿನ ಗಾಳಿ, ತೇವವನ್ನೆಲ್ಲ ಎಳೆದು ಸುಮಾರು 500 ಮೈಕ್ರಾನ್‌ವರೆಗೆ (ಉಳಿದ ಒತ್ತಡದ ಅಳತೆ) ವ್ಯಾಕ್ಯೂಮ್ ಮಾಡುವುದು, ಕೊನೆಗೆ ಯೂನಿಟ್ಟಿನ ಫಲಕದಲ್ಲಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕುವುದು, ಇದು ಕ್ರಮ. ವ್ಯಾಕ್ಯೂಮ್ ಮಾಡದೆ ಬಿಟ್ಟರೆ ಕೊಳವೆಯೊಳಗೆ ಉಳಿದ ಗಾಳಿಯ ತೇವ ಗ್ಯಾಸಿನ ಒತ್ತಡ ಇಳಿಸುವ ಸಪೂರ ಕೊಳವೆಯಾದ ಕ್ಯಾಪಿಲರಿಯ ಸಣ್ಣ ಬಾಯಿಯಲ್ಲಿ ಐಸಾಗಿ ಕೂತು ಗ್ಯಾಸಿನ ದಾರಿಯನ್ನೇ ತಡೆಯುತ್ತದೆ. ಸ್ವಲ್ಪ ಹೊತ್ತು ತಂಪು, ಸ್ವಲ್ಪ ಹೊತ್ತು ಇಲ್ಲ ಎಂಬ ವಿಚಿತ್ರ ತೊಂದರೆ ಆಗ ಶುರುವಾಗುತ್ತದೆ. ಹಳೆಯ ಗ್ಯಾಸನ್ನು ಗಾಳಿಗೆ ಬಿಡುವುದಕ್ಕೂ ಒಪ್ಪಬೇಡಿ. ಆರ್-410ಎ ಒಂದು ಕಿಲೋ ಬಿಟ್ಟರೆ ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಸುಮಾರು 2,000 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ಚಳಿಗಾಲದಲ್ಲಿ ಹೊರಗಿನ ಯೂನಿಟ್

ಬಿಸಿಯನ್ನೂ ಕೊಡುವ ಎಸಿಗಳಲ್ಲಿ ಚಳಿಗಾಲಕ್ಕೆ ಪಾತ್ರಗಳು ಅದಲುಬದಲಾಗುತ್ತವೆ. ತಣ್ಣಗಾಗುವುದು ಹೊರಗಿನ ಕಾಯಿಲ್. ಅದರ ಮೇಲೆ ತೆಳು ಹಿಮ ಕಟ್ಟುವುದು ಸಹಜ. ಯಂತ್ರವೇ ಆಗಾಗ ದಿಕ್ಕು ಬದಲಿಸಿ ಐದು-ಹತ್ತು ನಿಮಿಷ ಅದನ್ನು ಕರಗಿಸಿಕೊಳ್ಳುತ್ತದೆ. ಆಗ ಒಳಗಿನ ಫ್ಯಾನ್ ನಿಲ್ಲುವುದು, ಹೊರಗೆ ಹಬೆ ಏಳುವುದು ಕಂಡು ಗಾಬರಿಪಡಬೇಕಿಲ್ಲ. ಗಂಟೆಗಟ್ಟಲೆ ಕರಗದ ಗಟ್ಟಿ ಐಸ್ ಫ್ಯಾನಿನ ಎಸಳಿಗೆ ತಾಗುವಷ್ಟು ಬೆಳೆದರೆ ಮಾತ್ರ ಆರಿಸಿ ಮೆಕ್ಯಾನಿಕ್ ಕರೆಯಿರಿ. ಯೂನಿಟ್ಟಿನ ತಳದ ನೀರಿನ ತೂತುಗಳಲ್ಲಿ ಎಲೆ, ಮಣ್ಣು ತುಂಬಿದ್ದರೆ ಕರಗಿದ ನೀರು ನಿಂತು ಮತ್ತೆ ಗಡ್ಡೆಯಾಗುತ್ತದೆ. ಅದನ್ನು ಚಳಿಗೆ ಮೊದಲೇ ಬಿಡಿಸಿಡಿ.

ಎಲ್ಲ ಸರಿಪಡಿಸಿದ ಮೇಲೆ

ರಿಪೇರಿ ಮುಗಿದ ದಿನವೇ ಎಸಿಯನ್ನು 24 ಡಿಗ್ರಿ, ಜೋರು ಫ್ಯಾನಿನಲ್ಲಿ ಒಂದು ಗಂಟೆ ಓಡಿಸಿ, ಮುಚ್ಚಳ ಎತ್ತಿ ಕಾಯಿಲ್ ನೋಡಿ. ಎಲ್ಲೆಡೆ ಒಂದೇ ಸಮನೆ ನೀರಿನ ಹನಿಗಳಿದ್ದು, ಡ್ರೈನ್ ಪೈಪಿನಿಂದ ನೀರು ತಡೆಯಿಲ್ಲದೆ ಬೀಳುತ್ತಿದ್ದರೆ ಕೆಲಸ ಸರಿಯಾಗಿದೆ. ಗಾಳಿಯಲ್ಲಿ ತೇವ ಕಡಿಮೆಯಿರುವ ದಿನ ಹನಿಗಳೂ ಕಡಿಮೆ ಇರಬಹುದು, ಅದರಿಂದ ಚಿಂತಿಸಬೇಡಿ. ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣ ಎಂಬಂತಿದ್ದರೆ ಮೆಕ್ಯಾನಿಕ್‌ಗೆ ಅಲ್ಲೇ ತೋರಿಸಿ. ರಾತ್ರಿ ಓಡಿಸಿದ ಮರುದಿನ ಬೆಳಿಗ್ಗೆ, ಆರಿಸುವ ಮೊದಲೇ, ಇನ್ನೊಮ್ಮೆ ಟಾರ್ಚ್ ಹಿಡಿದು ನೋಡಿ, ಏಕೆಂದರೆ ನಿಧಾನವಾಗಿ ಬೆಳೆಯುವ ಐಸ್ ಒಂದು ಗಂಟೆಯ ಪರೀಕ್ಷೆಯಲ್ಲಿ ತೋರುವುದಿಲ್ಲ. ಹೊಸ ಫೋಟೋವನ್ನು ಹಳೆಯದರ ಪಕ್ಕದಲ್ಲಿಟ್ಟು ದಿನಾಂಕ, ಹಾಕಿದ ಗ್ಯಾಸಿನ ತೂಕ, ಅಳೆದ ಉಷ್ಣತೆಯ ವ್ಯತ್ಯಾಸ ಇಷ್ಟನ್ನು ಬರೆದಿಟ್ಟುಕೊಂಡರೆ, ಮುಂದೆ ತೊಂದರೆ ಮರುಕಳಿಸಿದಾಗ ಬರುವ ಮೆಕ್ಯಾನಿಕ್ ಊಹೆಯಿಂದ ಶುರುಮಾಡಬೇಕಾಗುವುದಿಲ್ಲ.